ಹಂದಿಗೆ ನಾಲ್ಕೂ ಚಕ್ರ ತಿರುಗಬೇಕಂತೆ!

ಈ ದೇಶದಲ್ಲಿ ಮನೆಯನ್ನು ಮರದಲ್ಲಿ ಕಟ್ಟುತ್ತಾರೆ, ಗಾಡಿಯನ್ನು ಇಟ್ಟಿಗೆಯಲ್ಲಿ ಕಟ್ಟುತ್ತಾರೆ. ನಂಬಿಕೆ ಬರದಿದ್ದರೆ ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಬಂದಾಗ ನಮ್ಮ ಮನೆಗೊಮ್ಮೆ ಬನ್ನಿ. ಗೋಡೆ ತಟ್ಟಿದರೆ ಡಬಡಬ ಅನ್ನುತ್ತದೆ, ಒಳಗೆಲ್ಲ ಬರೀ ಹಲಗೆ. ಊಟದ ಮೇಜಿನ ಮೇಲೆ ಮಾತ್ರ ಇಟ್ಟಿಗೆಯೋ ಇಟ್ಟಿಗೆ, ಪ್ಲಾಸ್ಟಿಕ್ ಇಟ್ಟಿಗೆ. ಆ ರಾಶಿಯ ನಡುವೆ ಒಂದು ಪುಟಾಣಿ ಜೀಪು. ಅದರ ಮುಂದೆ ಹಣೆಗೆ ದೀಪ ಕಟ್ಟಿಕೊಂಡು ಕೂತವರು ನಮ್ಮ ಮನೆಯವರು. ಉಳಿದ ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಉಣ್ಣುತ್ತೇವೆ. ಹುಳಿ ಚೆಲ್ಲಿದರೆ ಬೈಗುಳ ನಮಗೇ.

ಜೀಪು ಎಂದರೆ ಅವರಿಗೆ ಕೋಪ. "ಜೀಪಲ್ಲ ಕಣೇ, ವಾರ್ಟ್‌ಹಾಗ್" ಎಂದು ತಿದ್ದುತ್ತಾರೆ. ವಾರ್ಟ್‌ಹಾಗ್ ಆಫ್ರಿಕದ ಬಯಲಲ್ಲಿ ಓಡಾಡುವ, ಮೂತಿಯ ಎರಡೂ ಕಡೆ ಕೋರೆ ಚಾಚಿಕೊಂಡ ಕಾಡುಹಂದಿ. 'ಹೇಲೋ' ಎಂಬ ವಿಡಿಯೋ ಗೇಮಿನಲ್ಲಿ 26ನೆಯ ಶತಮಾನದ ಸೈನಿಕರು ಓಡಿಸುವ ಗಾಡಿಗೆ ಅದೇ ಹೆಸರು. ಮುಂದೆ ಇಬ್ಬರಿಗೆ ಸೀಟು, ಹಿಂದೆ ನಿಂತವನ ಕೈಗೆ ಮೂರು ನಳಿಗೆಯ ಬಂದೂಕು. ಬಾಗಿಲಿಲ್ಲ, ಮೇಲ್ಚಾವಣಿಯಿಲ್ಲ. ಮೂತಿಯಲ್ಲಿ ಮಾತ್ರ ಎರಡು ದಪ್ಪ ಕೊಕ್ಕೆ, ಅವೇ ಕೋರೆ. ಇನ್ನೂ ಐನೂರು ವರ್ಷ ಕಳೆದರೂ ಗಾಡಿಗೊಂದು ಬಾಗಿಲು ಹಾಕಿಸುವ ಯೋಗ್ಯತೆ ಈ ಸೈನ್ಯಕ್ಕೆ ಬರುವುದಿಲ್ಲವೆಂದರೆ ನಾವು ಈಗಲೇ ತೆರಿಗೆ ಕಟ್ಟುವುದನ್ನು ನಿಲ್ಲಿಸುವುದು ಒಳ್ಳೆಯದು.

ಗೇಮಿನ ಕತೆಯನ್ನೂ ನಾನು ಬಾಯಿಪಾಠ ಮಾಡಿದ್ದೇನೆ. ಬೇಕೆಂದಲ್ಲ, ಕಿವಿಗೆ ಬಿದ್ದು ಬಿದ್ದು. ಇದನ್ನು ಮಾಡಿದ ಬಂಜಿ ಎಂಬ ಕಂಪನಿ ಮೊದಲು ಶಿಕಾಗೋದಲ್ಲಿತ್ತು. 1999ರಲ್ಲಿ ಆಪಲ್‌ನ ಮೇಳವೊಂದರಲ್ಲಿ ಸ್ಟೀವ್ ಜಾಬ್ಸ್ ಖುದ್ದಾಗಿ ವೇದಿಕೆ ಹತ್ತಿ, ಮ್ಯಾಕ್ ಕಂಪ್ಯೂಟರಿಗೆ ಇಂಥದೊಂದು ಗೇಮ್ ಬರಲಿದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ಮರುವರ್ಷವೇ ಮೈಕ್ರೋಸಾಫ್ಟ್ ಇಡೀ ಕಂಪನಿಯನ್ನೇ ಕೊಂಡು ಈ ರೆಡ್ಮಂಡ್‌ಗೆ ಎತ್ತಿಕೊಂಡು ಬಂತು. 2001ರ ನವೆಂಬರ್ 15ರಂದು ಎಕ್ಸ್‌ಬಾಕ್ಸ್ ಜೊತೆಯಲ್ಲೇ ಗೇಮ್ ಬಿಡುಗಡೆಯಾಯಿತು. ನಿಶ್ಚಿತಾರ್ಥ ಒಂದು ಮನೆಯಲ್ಲಿ, ಧಾರೆ ಇನ್ನೊಂದು ಮನೆಯಲ್ಲಿ. ನಮ್ಮ ಮನೆಯವರಿಗೆ ಇದು ಊರ ದೇವರ ಮಹಿಮೆ. "ನಮ್ಮೂರಲ್ಲೇ ಹುಟ್ಟಿದ ಗಾಡಿ" ಎನ್ನುತ್ತಾರೆ. ಅವರೂರು ಹಾಸನ.

ಈಗ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಬಂದ ಗಾಡಿಯನ್ನು ಪುಸ್ತಕ ನೋಡಿಕೊಂಡು ಜೋಡಿಸಿ ಕಪಾಟಿನ ಮೇಲಿಟ್ಟರೆ ಯಾವ ಹೆಂಡತಿಯೂ ಹರಟೆ ಬರೆಯುವುದಿಲ್ಲ. ಇವರು ಜೋಡಿಸಿದರು. ಚೆನ್ನಾಗಿಯೇ ಇತ್ತು. ಸುತ್ತಲೂ ತಿರುಗಿಸಿ ನೋಡಿದರು, ಕಣ್ಣು ಕಿರಿದು ಮಾಡಿದರು, "ಮೂಗು ಸರಿಯಿಲ್ಲ" ಎಂದರು. ನನ್ನನ್ನು ನೋಡಲು ಬಂದಾಗ ಅವರ ಸೋದರತ್ತೆ ಹೇಳಿದ ಮಾತೇ ಇದು. ಆವತ್ತು ಇವರು ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತ ಸುಮ್ಮನಿದ್ದರು. ಪ್ಲಾಸ್ಟಿಕ್ ಹಂದಿಯ ಮೂಗಿಗೆ ಬಂದಾಗ ಸುಮ್ಮನಿರಲಿಲ್ಲ. ಅಂದೇ ರಾತ್ರಿ ಬಾನೆಟ್ ಕಿತ್ತರು. ಬಾನೆಟ್ ಕಿತ್ತ ಮೇಲೆ ಮಡ್‌ಗಾರ್ಡ್ ಎದ್ದು ಕಂಡಿತು, ಅದನ್ನೂ ಕಿತ್ತರು. ಬೆಳಗ್ಗೆ ನಾನು ಎದ್ದು ಬಂದಾಗ ಗಾಡಿ ಇರಲಿಲ್ಲ, ಬಂದೂಕು ಹಿಡಿದ ಸಿಪಾಯಿ ಒಬ್ಬನೇ ನಿಂತಿದ್ದ.

"ಏನ್ರೀ ಇದು?"

"ಅಸಲಿ ಥರ ಮಾಡ್ತಿದೀನಿ."

ಈ 'ಅಸಲಿ' ಎಂಬ ಮಾತಿಗೇ ನನ್ನ ತಕರಾರು. ಅಂಬಾಸಿಡರ್ ಕಾರಿನ ಮಾದರಿ ಮಾಡಿ, ಅಸಲಿ ಥರ ಬಂದಿದೆಯೇ ಎಂದು ಕೇಳಿ, ಅರ್ಥವಿದೆ. ಬೀದಿಗೆ ಹೋಗಿ ಟೇಪು ಹಿಡಿದು ಅಳೆಯಬಹುದು. ಈ ಹಂದಿಯನ್ನು ಯಾವ ಬೀದಿಯಲ್ಲಿ ಅಳೆಯುವುದು? ಗೇಮಿನೊಳಗೇ ಅಳೆಯುತ್ತೇನೆ ಎಂದರೆ ಅಲ್ಲಿಯೂ ಒಂದೇ ಹಂದಿಯಿಲ್ಲ. 2001ರದು ಒಂದು, 2004ರದು ಒಂದು, 2007ರಲ್ಲಿ ಮತ್ತೊಂದು. ಎರಡನೆಯದಕ್ಕೆ ಹಾರ್ನ್ ಬಂತು, ಒಡೆಯುವ ಗಾಜು ಬಂತು. ಮೂರನೆಯದರಲ್ಲಿ ಬಂದೂಕು ತೆಗೆದು ಜನ ತುಂಬುವ ಗಾಡಿಯೂ ಬಂತು, ನಮ್ಮ ಮ್ಯಾಕ್ಸಿಕ್ಯಾಬ್ ಕೆಲಸಕ್ಕೆ. ಆಮೇಲೆ 2010, 2012, 2015, 2021. ಪ್ರತಿ ಸಲವೂ ಮೂತಿ ಒಂದಿಷ್ಟು ಉದ್ದ, ಒಂದಿಷ್ಟು ಮೋಟು. "ಇದರಲ್ಲಿ ಅಸಲಿ ಯಾವುದ್ರೀ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ನನ್ನ ನೆನಪಿನಲ್ಲಿರೋದು" ಎಂದರು. ನಮ್ಮ ಮದುವೆಯ ತಾರೀಖು ನೆನಪಿಲ್ಲದ ಮನುಷ್ಯ.

ಸಿನಿಮಾದವರು ಒಮ್ಮೆ ಇದನ್ನು ನಿಜಕ್ಕೂ ಕಟ್ಟಿದರು. ಹೇಲೋ ಸಿನಿಮಾ ಮಾಡಲು ಹೊರಟವರಿಗಾಗಿ ನ್ಯೂಜಿಲೆಂಡಿನ ವೆಟಾ ವರ್ಕ್‌ಶಾಪ್ ಮನುಷ್ಯರು ಕೂತು ಓಡಿಸಬಹುದಾದ ಪೂರ್ಣ ಗಾತ್ರದ ವಾರ್ಟ್‌ಹಾಗ್ ಮಾಡಿಕೊಟ್ಟಿತು. ಸಿನಿಮಾ ಬಿದ್ದುಹೋಯಿತು, ಗಾಡಿ ಉಳಿಯಿತು. ನಿರ್ದೇಶಕ ನೀಲ್ ಬ್ಲೋಮ್‌ಕ್ಯಾಂಪ್ 2007ರಲ್ಲಿ ಅದನ್ನು ಗೇಮಿನ ಪ್ರಚಾರದ ಕಿರುಚಿತ್ರದಲ್ಲಿ ಓಡಿಸಿ ಆಸೆ ತೀರಿಸಿಕೊಂಡ. ಅಂದರೆ ಇಲ್ಲದ ಗಾಡಿಗೆ ಒಂದು ನಿಜವಾದ ನಕಲು ಇದೆ. ಇವರು ಕಟ್ಟುತ್ತಿರುವುದು ಆ ನಕಲಿನ ನಕಲೂ ಅಲ್ಲ. ಇದನ್ನು ಹೇಳಿದರೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ.

ಇಟ್ಟಿಗೆಯ ಕತೆಯೂ ಹೀಗೇ. ಇಂಥ ಇಟ್ಟಿಗೆಯೆಂದರೆ ನಮಗೆ ನಿಮಗೆ ತಿಳಿದಿರುವುದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಲೆಗೋ. ಆದರೆ ಲೆಗೋದವರು ಈ ಕಾಲದ ಯುದ್ಧದ ಗಾಡಿಗಳನ್ನು ಮಾಡುವುದಿಲ್ಲ, ಅದು ಅವರ ನೇಮ. 2020ರಲ್ಲಿ ಆಸ್ಪ್ರೆ ಎಂಬ ವಿಮಾನದ ಮಾದರಿ ಇನ್ನೇನು ಅಂಗಡಿಗೆ ಬರಬೇಕು, ಅಸಲು ವಿಮಾನ ಸೇನೆಯದೆಂದು ಜರ್ಮನಿಯ ಶಾಂತಿವಾದಿಗಳು ಗಲಾಟೆ ಮಾಡಿದರು, ಲೆಗೋದವರು ವಾಪಸು ತೆಗೆದುಕೊಂಡರು. ಅದೇ ಕಂಪನಿ ಸ್ಟಾರ್ ವಾರ್ಸ್‌ನ ಫಿರಂಗಿ ಹಡಗುಗಳನ್ನು ವರ್ಷವರ್ಷ ಮಾರುತ್ತದೆ. ಅಂತರಿಕ್ಷದಲ್ಲಿ ಹೊಡೆದಾಡಿದರೆ ಪಾಪ ಅಂಟುವುದಿಲ್ಲವೋ ಏನೋ. ಇರಲಿ, ಹೇಲೋದ ಹಂದಿ ಹೋಗಿ ಸೇರಿದ್ದು ಕೆನಡಾದ ಮಾಂಟ್ರಿಯಲ್‌ನ ಮೆಗಾ ಬ್ಲಾಕ್ಸ್ ಮನೆಗೆ. ಅದನ್ನು ಕಟ್ಟಿದ ಮೂಲ ಕಂಪನಿಯ ಹೆಸರು ರಿಟ್ವಿಕ್. ಹೋಮಕ್ಕೆ ಕೂರುವ ಋತ್ವಿಜರಲ್ಲ. ರೀಟಾ ಮತ್ತು ವಿಕ್ಟರ್ ಎಂಬ ಗಂಡ ಹೆಂಡತಿ. 2014ರಲ್ಲಿ ಬಾರ್ಬಿ ಗೊಂಬೆಯ ಮ್ಯಾಟೆಲ್ ಅದನ್ನು ಕೊಂಡಿತು. ಈಗ ಹಂದಿಯೂ ಬಾರ್ಬಿಯೂ ಒಂದೇ ಮನೆಯ ಮಕ್ಕಳು.

ಡೆನ್ಮಾರ್ಕಿನವರು ಬಿಟ್ಟಾರೆಯೇ? ಇಟ್ಟಿಗೆಯ ಬೆನ್ನ ಮೇಲಿನ ಗುಂಡು ಗುಬಟುಗಳು ನಮ್ಮ ಗುರುತು ಎಂದು ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಹೋದರು. 2005ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಗುಬಟು ಅಲಂಕಾರವಲ್ಲ, ಒಂದಕ್ಕೊಂದು ಕಚ್ಚಿಕೊಳ್ಳುವ ಕೆಲಸ ಮಾಡುವ ಭಾಗ, ಪೇಟೆಂಟ್ ಅವಧಿ ಮುಗಿದ ಮೇಲೆ ಟ್ರೇಡ್‌ಮಾರ್ಕ್ ಹೆಸರಿನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. 2010ರಲ್ಲಿ ಯೂರೋಪಿನ ಕೋರ್ಟೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಇನ್ನೂ ಸ್ವಾರಸ್ಯ ಇದರ ಹಿಂದಿದೆ. 1940ರ ದಶಕದಲ್ಲಿ ಕಿಡ್ಡಿಕ್ರಾಫ್ಟ್ ಎಂಬ ಕಂಪನಿ ನಡೆಸುತ್ತಿದ್ದ ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತ ಗುಬಟಿನ ಪ್ಲಾಸ್ಟಿಕ್ ಇಟ್ಟಿಗೆ ಮಾಡಿದ್ದ. ಅದನ್ನು ನೋಡಿಯೇ ಲೆಗೋದವರು 1949ರಲ್ಲಿ ತಮ್ಮ ಇಟ್ಟಿಗೆ ಮಾಡಿದ್ದು. ಹೊಟ್ಟೆಯೊಳಗೆ ಕೊಳವೆ ಇಟ್ಟು ಗಟ್ಟಿಯಾಗಿ ಕಚ್ಚುವ ಹಾಗೆ ಮಾಡಿ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದ್ದು ಮಾತ್ರ ಅವರ ಸ್ವಂತ ಬುದ್ಧಿ. ಅಸಲಿ ಗಾಡಿ ಇಲ್ಲ, ಅಸಲಿ ಇಟ್ಟಿಗೆಯೂ ಇಷ್ಟರಲ್ಲೇ ಇದೆ. ನಮ್ಮ ಮನೆಯವರ ಬೆನ್ನುನೋವೊಂದೇ ಅಸಲಿ.

ಈ ಇಟ್ಟಿಗೆ ಮಂದಿಯ ಮಡಿಯನ್ನು ನೋಡಿದರೆ ನಮ್ಮ ಅಜ್ಜಿ ನಾಚಿಕೊಳ್ಳಬೇಕು. ಇಟ್ಟಿಗೆಯನ್ನು ಕತ್ತರಿಸಕೂಡದು, ಬಣ್ಣ ಹಚ್ಚಕೂಡದು, ಅಂಟು ತಾಗಿಸಕೂಡದು. ಅಂಟು ಎಂಬ ಪದ ಕೇಳಿದರೂ ಕೆಲವರು ಮುಖ ಸಿಂಡರಿಸುತ್ತಾರೆ. ಇನ್ನು ಬೇರೆ ಕಂಪನಿಯ ಇಟ್ಟಿಗೆಯನ್ನು ಲೆಗೋ ಜೊತೆ ಬೆರೆಸಿದರೆ ಕಟ್ಟಾ ಮಡಿಯವರು ಪಂಕ್ತಿಯಿಂದಲೇ ಎಬ್ಬಿಸುತ್ತಾರೆ. ಎರಡೂ ಒಂದಕ್ಕೊಂದು ಸಲೀಸಾಗಿ ಕೂರುತ್ತವೆ, ಅಳತೆ ಒಂದೇ. ಆದರೂ ಇಲ್ಲ. ನಮ್ಮವರದ್ದು ಸುಧಾರಕ ಪಂಥ. ಮೆಗಾದ ಹಂದಿಗೆ ಲೆಗೋದ ಮೂಳೆ ಹಾಕುತ್ತಾರೆ. ಆದರೆ ಆ ಮಡಿಯವರಿಗೆ ತೋರಿಸಲು ಫೋಟೋ ತೆಗೆಯುವಾಗ ಒಳಗಿನದು ಕಾಣದ ಹಾಗೆ ಕೋನ ಹಿಡಿಯುತ್ತಾರೆ. ಹೋಟೆಲಿನಲ್ಲಿ ಈರುಳ್ಳಿ ಸಾಂಬಾರು ತಿಂದು ಬಂದು ಮನೆಯಲ್ಲಿ ಬಾಯಿ ಮುಕ್ಕಳಿಸುವವರ ಮೊಮ್ಮಗನಲ್ಲವೇ.

ಬಣ್ಣ ಇನ್ನೊಂದು ಗೋಳು. ಹಂದಿಯ ಮೈ ಹಸಿರು. ಯಾವ ಹಸಿರು ಎಂದು ನೀವು ಕೇಳಬಾರದು, ಕೇಳಿದರೆ ಸಂಜೆಯಾಗುತ್ತದೆ. ಲೆಗೋದಲ್ಲಿ ಆಲಿವ್ ಹಸಿರು, ಕಡು ಹಸಿರು, ಮರಳು ಹಸಿರು. ಮೆಗಾದವರ ಮಿಲಿಟರಿ ಹಸಿರು ಈ ಯಾವುದಕ್ಕೂ ಸೇರುವುದಿಲ್ಲ. ನನಗೆ ಎಲ್ಲವೂ ಒಂದೇ, ಹಳಸಿದ ಪಾಲಕ್ ಬಣ್ಣ. ನಾನು ಬೇಳೆಯಲ್ಲಿ ತೊಗರಿ ಯಾವುದು, ಕಡಲೆ ಯಾವುದು ಎಂದು ಕೇಳಿದರೆ ಎರಡೂ ಹಳದಿ ಎನ್ನುವ ಗಂಡಸು, ಎರಡು ಹಸಿರನ್ನು ಕಿಟಕಿ ಬೆಳಕಿಗೆ ಹಿಡಿದು, "ಇದರಲ್ಲಿ ಸ್ವಲ್ಪ ಹಳದಿ ಜಾಸ್ತಿ ಇದೆ" ಎಂದು ನಿಟ್ಟುಸಿರು ಬಿಡುತ್ತಾರೆ. 2004ರ ಸುಮಾರಿಗೆ ಲೆಗೋದವರು ತಮ್ಮ ಬೂದು ಬಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಬದಲಾಯಿಸಿಬಿಟ್ಟರಂತೆ. ಹಳೆ ಬೂದಿಯ ಪಕ್ಕ ಹೊಸ ಬೂದಿ ಇಟ್ಟರೆ ಹೊಂದುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ದುಃಖ ಆರಿಲ್ಲ. ನಾಲ್ಕು ಜನ ಇಟ್ಟಿಗೆಯವರು ಸೇರಿದರೆ ಹಳೆ ಬೂದಿಯನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಾರೆ. ಹೊರಗಿನವರು ಕೇಳಿದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ತಿಳಿಯಬೇಕು.

ಇಷ್ಟೆಲ್ಲ ಇದ್ದರೂ ನಮ್ಮ ಊಟದ ಮೇಜನ್ನು ನುಂಗಿದ್ದು ಮೂಗೂ ಅಲ್ಲ, ಬಣ್ಣವೂ ಅಲ್ಲ, ಸ್ಟಿಯರಿಂಗು. ಗೇಮಿನಲ್ಲಿ ಈ ಹಂದಿಗೆ ನಾಲ್ಕೂ ಚಕ್ರ ತಿರುಗುತ್ತವೆ. ಮುಂದಿನವು ಬಲಕ್ಕೆ ಹೊರಳಿದರೆ ಹಿಂದಿನವು ಎಡಕ್ಕೆ ಹೊರಳುತ್ತವೆ, ಆದ್ದರಿಂದ ಗಾಡಿ ಇದ್ದಲ್ಲೇ ಸೊಂಟ ತಿರುಗಿಸುತ್ತದೆ. ಓಡಿಸುವ ಕ್ರಮವೂ ವಿಚಿತ್ರ: ಸ್ಟಿಯರಿಂಗ್ ತಿರುಗಿಸುವ ಹಾಗಿಲ್ಲ, ನೀವು ಎತ್ತ ನೋಡುತ್ತೀರೋ ಗಾಡಿ ಅತ್ತ ಹೋಗುತ್ತದೆ. ಇವರು ನಮ್ಮ ನಿಜವಾದ ಕಾರನ್ನೂ ಹಾಗೇ ಓಡಿಸುತ್ತಾರೆ, ಅದು ಬೇರೆ ಮಾತು. ಮೇಜಿನ ಮೇಲಿನ ಗಾಡಿಯಲ್ಲಿ ಚಕ್ರಗಳು ಉರುಳುತ್ತಿದ್ದವು, ಹೊರಳುತ್ತಿರಲಿಲ್ಲ. "ನಾಲ್ಕೂ ಹೊರಳಬೇಕು" ಎಂದು ಸಂಕಲ್ಪವಾಯಿತು.

ಅದು ಹೇಗೆ ಎಂದು ನನಗೆ ತೋರಿಸಿದರು. ತೋರಿಸಿದಾಗ ಒಂದು ಕ್ಷಣ ನನಗೂ ಖುಷಿಯಾಯಿತು, ಅವರಿಗೆ ಹೇಳಲಿಲ್ಲ. ಗಾಡಿಯ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಕಡ್ಡಿ. ಕಡ್ಡಿಯ ಎರಡು ತುದಿಗೂ ಎಂಟೆಂಟು ಹಲ್ಲಿನ ಪುಟ್ಟ ಗಿಯರ್. ಮುಂದಿನ ಗಿಯರಿನ ನೆತ್ತಿಯ ಮೇಲೆ ಒಂದು ಹಲ್ಲಿನ ಪಟ್ಟಿ, ಹಿಂದಿನ ಗಿಯರಿನ ಕೆಳಗೆ ಇನ್ನೊಂದು. ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದರೆ ಮೇಲಿನ ಪಟ್ಟಿ ಒಂದು ಕಡೆ ಸರಿಯುತ್ತದೆ, ಕೆಳಗಿನದು ತಾನಾಗಿ ಅದರ ವಿರುದ್ಧ ಸರಿಯುತ್ತದೆ. ಅಷ್ಟೇ. ಬೇರೆ ಯಾವ ಮಂತ್ರವೂ ಇಲ್ಲ. ಪಟ್ಟಿಯ ತುದಿಗೆ ಚಕ್ರ ಸಿಕ್ಕಿಸಿದರೆ ಮುಂದಿನವು ಇತ್ತ, ಹಿಂದಿನವು ಅತ್ತ.

ತೊಂದರೆ ಶುರುವಾದದ್ದು ಇದನ್ನು ಗಾಡಿಯೊಳಗೆ ತೂರಿಸುವಾಗ. ಇಟ್ಟಿಗೆಯ ಲೆಕ್ಕ ನಿಮಗೆ ಗೊತ್ತಿರಲಿ: ಗುಬಟಿನಿಂದ ಗುಬಟಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6, ತೆಳುವಾದ ಪ್ಲೇಟಿನ ಎತ್ತರ 3.2. ಮೂರು ಪ್ಲೇಟು ಒಂದರ ಮೇಲೊಂದು ಇಟ್ಟರೆ ಒಂದು ಇಟ್ಟಿಗೆ. ಐದು ಪ್ಲೇಟು ಇಟ್ಟರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಬಟಿನ ಅಗಲ. ಈ ಐದರ ಗುಟ್ಟು ಹಿಡಿದವರು ಇಟ್ಟಿಗೆಯನ್ನು ಅಡ್ಡ ಮಲಗಿಸಿ, ತಲೆಕೆಳಗು ಮಾಡಿ, ಗುಬಟೇ ಕಾಣದ ನುಣುಪು ಮೈ ತರುತ್ತಾರೆ. ನಮ್ಮವರ ಹಂದಿಗೆ ಹೊಸ ಮೂಗು ಬಂದದ್ದು ಇದೇ ವಿದ್ಯೆಯಿಂದ. ಆದರೆ ಹೊಟ್ಟೆಗೆ ಈ ವಿದ್ಯೆ ಒದಗಲಿಲ್ಲ. ಗಿಯರಿಗೆ ಜಾಗ ಮಾಡಲು ನೆಲವನ್ನು ಎರಡು ಪ್ಲೇಟಿನಷ್ಟು ಮೇಲೆತ್ತಬೇಕಾಯಿತು, 6.4 ಮಿಲಿಮೀಟರ್. ನೆಲ ಎದ್ದ ಮೇಲೆ ಡ್ರೈವರೂ ಎದ್ದ. ಅವನ ತಲೆ ಮೇಲಿನ ಕಂಬಿಗೆ ತಾಗಿತು. ಸೀಟು ಕಿತ್ತು ಅವನನ್ನು ಕಡ್ಡಿಯ ಪಕ್ಕದ ಸಂದಿಯಲ್ಲಿ ಕೂರಿಸಿದರು. ಈಗ ತಲೆ ತಾಗುತ್ತಿಲ್ಲ, ಆದರೆ ಸ್ಟಿಯರಿಂಗ್ ಮೂಗಿಗೆ ಬಂತು. ಸ್ಟಿಯರಿಂಗ್ ಮುಂದೆ ತಳ್ಳಿದರೆ ಡ್ಯಾಶ್‌ಬೋರ್ಡ್ ಒಡೆಯುತ್ತದೆ. ಡ್ಯಾಶ್‌ಬೋರ್ಡ್ ತಳ್ಳಿದರೆ ಹೊಸ ಮೂಗು ಹೋಗುತ್ತದೆ. ಮೂಗು ಹೋದರೆ ಮತ್ತೆ ಮೊದಲಿನಿಂದ.

ಡ್ರೈವರ್ ಸಾಮಾನ್ಯನಲ್ಲ, ಮಾಸ್ಟರ್ ಚೀಫ್. ಅನ್ಯಗ್ರಹದ ಸೈನ್ಯವನ್ನೇ ಒಬ್ಬನೇ ಅಡಗಿಸಿದ ಮಹಾವೀರ. ಮೆಗಾದ ಗೊಂಬೆಗಳಿಗೆ ಮೊಣಕಾಲು, ಮೊಣಕೈ ಎಲ್ಲ ಮಡಚುತ್ತವೆ, ಲೆಗೋ ಗೊಂಬೆಯ ಹಾಗೆ ಸೊಂಟದಲ್ಲಿ ಮಾತ್ರ ಬಾಗುವುದಲ್ಲ. ಆದ್ದರಿಂದ ಅವನನ್ನು ಎಷ್ಟು ಬೇಕಾದರೂ ಮಡಚಬಹುದು. ಮಡಚಿದರು. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತ ಮಹಾವೀರನನ್ನು ನೋಡಿ ನನಗೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಹಾಸನಕ್ಕೆ ಹೋಗುತ್ತಿದ್ದ ದಿನಗಳು ನೆನಪಾದವು.

"ಚಕ್ರ ಹೊರಳದಿದ್ದರೆ ಏನ್ರೀ ಆಗತ್ತೆ? ಕಪಾಟಿನ ಮೇಲೆ ನಿಂತಿರೋ ಗಾಡಿ ತಾನೆ?"

"ಅದು ನಿನಗೆ ಗೊತ್ತಾಗಲ್ಲ ಬಿಡು. ಹೊರಳತ್ತೆ ಅಂತ ನನಗೆ ಗೊತ್ತಿರಬೇಕು."

ನಮ್ಮ ನಿಜವಾದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಶಿವರಾತ್ರಿಯಿಂದ ಉರಿಯುತ್ತಿದೆ. ಅದರ ಮೇಲೆ ಒಂದು ಚೂರು ಕರಿ ಟೇಪ್ ಅಂಟಿಸಿದ್ದಾರೆ. ಅಲ್ಲಿ ಅಂಟಿಗೆ ಮಡಿಯಿಲ್ಲ.

ಬಿಡಿಭಾಗ ತರಿಸುವ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಬ್ರಿಕ್‌ಲಿಂಕ್ ಎಂಬ ಸಂತೆಯಿದೆ. 2000ದಲ್ಲಿ ಶುರುವಾದದ್ದು, 2019ರಲ್ಲಿ ಲೆಗೋದವರೇ ಕೊಂಡರು. ಪ್ರಪಂಚದ ಮೂಲೆಮೂಲೆಯ ಮಂದಿ ಅಲ್ಲಿ ಅಂಗಡಿ ಇಟ್ಟು ಒಂದೊಂದೇ ತುಣುಕನ್ನು ಮಾರುತ್ತಾರೆ. ಇವರಿಗೆ ಬೇಕಾದ ಆಲಿವ್ ಹಸಿರಿನ ಇಳಿಜಾರು ತುಣುಕು ಕೆಲವೇ ಸೆಂಟು. ಅದು ಇರುವುದು ಜರ್ಮನಿಯ ಒಬ್ಬನ ಹತ್ತಿರ. ಅಂಚೆ ಖರ್ಚು ತುಣುಕಿನ ಹತ್ತಾರು ಪಟ್ಟು. ಅದೂ ಸಾಲದೆ ಆ ಅಂಗಡಿಯವನದು ಇಷ್ಟಕ್ಕಿಂತ ಕಡಿಮೆ ಕೊಂಡರೆ ಕಳಿಸುವುದಿಲ್ಲ ಎಂಬ ಷರತ್ತು. ಷರತ್ತು ತುಂಬಿಸಲು ಬೇಡದ ತುಣುಕುಗಳನ್ನೂ ಕೊಳ್ಳುತ್ತಾರೆ. ಬೇಡದ ತುಣುಕು ಮನೆಗೆ ಬಂದ ಮೇಲೆ ಅದನ್ನು ಹೇಗಾದರೂ ಬಳಸಬೇಕಲ್ಲ, ಅದಕ್ಕೆ ಇನ್ನೊಂದು ಗಾಡಿ ಯೋಚಿಸುತ್ತಾರೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆಯನ್ನು ಕಟ್ಟಿದವರಿಗೆ ಅಂಚೆ ಖರ್ಚಿನ ಅಂದಾಜಿರಲಿಲ್ಲ.

ಬಂದದ್ದನ್ನು ವಿಂಗಡಿಸಿಡಲು ನನ್ನ ಸಾಸಿವೆ ಜೀರಿಗೆ ಡಬ್ಬಿಗಳು ಒಂದೊಂದಾಗಿ ವಲಸೆ ಹೋದವು. ಬಣ್ಣದ ಪ್ರಕಾರ ಇಡಿ ಎಂದೆ. ಹಾಗೆ ಇಡಬಾರದಂತೆ, ಆಕಾರದ ಪ್ರಕಾರ ಇಡಬೇಕಂತೆ. ಕರಿ ತುಣುಕುಗಳ ರಾಶಿಯಲ್ಲಿ ಒಂದು ನಿರ್ದಿಷ್ಟ ಕರಿ ತುಣುಕು ಕಣ್ಣಿಗೆ ಬೀಳುವುದಿಲ್ಲ. ಒಂದೇ ಆಕಾರದ ರಾಶಿಯಲ್ಲಿ ಬೇಕಾದ ಬಣ್ಣ ಥಟ್ಟನೆ ಸಿಗುತ್ತದೆ. ಇದರಲ್ಲಿ ಮಾತ್ರ ಅವರು ಹೇಳಿದ್ದು ಸರಿ.

ಬೇಸಿಗೆಗೆ ಅತ್ತೆ ಹಾಸನದಿಂದ ಬಂದರು. ಮಗನ ಕೈಚಳಕ ನೋಡಿ ಹೆಮ್ಮೆಪಡುತ್ತಾರೇನೋ ಎಂದುಕೊಂಡಿದ್ದೆ. ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ಗಾಡಿಯನ್ನು ದಿಟ್ಟಿಸಿ, "ಚಿಕ್ಕೋನಾಗಿದ್ದಾಗ ನನ್ನ ಹೊಸಾ ಹವಾಯಿ ಚಪ್ಪಲಿ ಕೊಯ್ದು ಚಕ್ರ ಮಾಡಿದ್ದೆ. ಇದರ ಚಕ್ರಕ್ಕೆ ಯಾರ ಚಪ್ಪಲಿ ಕೊಯ್ದೆ?" ಎಂದರು. ಇವರ ವಯಸ್ಸಿನ ಇಟ್ಟಿಗೆಯವರು ಬಾಲ್ಯದ ಆಟ ಬಿಟ್ಟು ಮತ್ತೆ ಹಿಡಿಯುವವರೆಗಿನ ವರ್ಷಗಳನ್ನು 'ಕತ್ತಲ ಯುಗ' ಎನ್ನುತ್ತಾರೆ. ಇವರ ಬಾಲ್ಯದಲ್ಲಿ ಇದ್ದದ್ದು ಬೆಂಕಿಪೊಟ್ಟಣದ ಲಾರಿ, ಸೋಡಾ ಮುಚ್ಚಳದ ಚಕ್ರ. ಆ ಲೆಕ್ಕದಲ್ಲಿ ಇವರ ಕತ್ತಲ ಯುಗ ಹುಟ್ಟಿನಿಂದಲೇ ಶುರು.

ಅತ್ತೆಯ ತಮ್ಮನಿಗೆ ಸಕಲೇಶಪುರದ ಹತ್ತಿರ ಕಾಫಿ ತೋಟ. ಅವರ ಹಳೆ ಜೀಪಿಗೂ ಇಂಥದ್ದೇ ಹುಚ್ಚು: ದಪ್ಪ ಟೈರು, ಮುಂದೆ ದೊಡ್ಡ ಕಬ್ಬಿಣದ ಬಂಪರ್, ಮೇಲೆ ಸಾಲು ದೀಪ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದಕ್ಕೆ ಒಪ್ಪುವುದಿಲ್ಲ. ತಯಾರಕರು ಕೊಟ್ಟದ್ದನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟೂ ಹೇಳಿತು. ಹಾಗಾಗಿ ಮಾವನವರು ಎಫ್‌ಸಿಗೆ ಹೋಗುವ ದಿನ ಹಳೆ ಟೈರು ಹಾಕಿಕೊಂಡು ಹೋಗಿ, ಬಂದ ಮೇಲೆ ಮತ್ತೆ ದಪ್ಪನೆಯವು ಹಾಕಿಕೊಳ್ಳುತ್ತಾರೆ. ಅಳಿಯನ ಹಂದಿಯ ವಿಷಯ ಫೋನಿನಲ್ಲಿ ಕೇಳಿ ಅವರು ಮೊದಲು ಕೇಳಿದ ಪ್ರಶ್ನೆ, "ಅದಕ್ಕೆ ಆರ್‌ಟಿಒ ಇಲ್ವಂತಾ?" ಇಲ್ಲ ಎಂದಾಗ ಬಿಟ್ಟ ನಿಟ್ಟುಸಿರು ಸ್ಪೀಕರಿನಲ್ಲಿ ಮನೆಮಂದಿಗೆಲ್ಲ ಕೇಳಿಸಿತು.

ಈ ಊರಿನಲ್ಲಿ ಬಿಸಿಲು ಬರುವುದೇ ಎರಡು ತಿಂಗಳು. ಆ ಬಿಸಿಲಿಗೆ ಹಿತ್ತಲ ಡೆಕ್ಕಿನ ಮೇಲೆ ತಾಯಿ ಮಗನ ಪೈಪೋಟಿ. ಹಳೆಯ ಬಿಳಿ, ಬೂದು ಇಟ್ಟಿಗೆಗಳು ವರ್ಷ ಕಳೆದಂತೆ ಹಳದಿ ತಿರುಗುತ್ತವೆ; ಅವನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತವೆ. ಇವರ ಡಬರಿ ಒಂದು ಕಡೆ, ಪಕ್ಕದಲ್ಲೇ ಅತ್ತೆಯ ಅರಳು ಸಂಡಿಗೆ. ಅತ್ತೆ ಒಂದು ದಿನ ನೋಡಿದರು, ಎರಡು ದಿನ ನೋಡಿದರು. "ಯಾವುದು ಕರಿಯೋದು, ಯಾವುದು ಕರೀಬಾರದು ಅಂತ ಚೀಟಿ ಅಂಟಿಸಪ್ಪ" ಎಂದರು.

ಮಗನ ವಿಷಯ ಹೇಳಲಿಲ್ಲ. ಹೈಸ್ಕೂಲಿನಲ್ಲಿದ್ದಾನೆ. ಇಷ್ಟೂ ದಿನ ಈ ಆಟಿಕೆಯನ್ನು ಕೈಯಿಂದ ಮುಟ್ಟಿಲ್ಲ. ಒಂದೇ ಒಂದು ಸಲ ಮೇಜಿನ ಬಳಿ ಬಂದು, "ಅಪ್ಪಾ, ಅದು ಹಂದಿ ಥರ ಇಲ್ಲ, ಪ್ಯೂಮಾ ಥರ ಇದೆ" ಎಂದು ಹೇಳಿ ಹೋದ. ಇವರು ಎದ್ದು ನಿಂತು ನಕ್ಕರು, ಕಣ್ಣಲ್ಲಿ ನೀರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು: ಹೇಲೋ ಗೇಮಿನೊಳಗೇ ಚಿತ್ರೀಕರಿಸಿ 2003ರಲ್ಲಿ ಟೆಕ್ಸಸ್ಸಿನ ಹುಡುಗರು 'ರೆಡ್ ವರ್ಸಸ್ ಬ್ಲೂ' ಎಂಬ ಹಾಸ್ಯ ಸರಣಿ ಮಾಡಿದ್ದರು. ಅದರಲ್ಲಿ ಹೊಸ ಗಾಡಿ ಬಂದಾಗ ಸಾರ್ಜೆಂಟ್ ವಾರ್ಟ್‌ಹಾಗ್ ಎನ್ನುತ್ತಾನೆ, ಸಿಪಾಯಿಯೊಬ್ಬ ಇದು ನೋಡಲು ಪ್ಯೂಮಾ ಥರ ಇದೆಯಲ್ಲ ಎಂದು ಪಟ್ಟು ಹಿಡಿಯುತ್ತಾನೆ, ಯುದ್ಧಭೂಮಿಯಲ್ಲಿ ನಿಂತು ಯಾವ ಪ್ರಾಣಿ ಎಂದು ಜಗಳ. ಅಪ್ಪ ಹುಡುಗನಾಗಿದ್ದಾಗ ನಕ್ಕ ಜೋಕನ್ನು ಮಗ ಎಲ್ಲಿಂದಲೋ ಕಲಿತು ಬಂದು ಅಪ್ಪನ ಮೇಲೇ ಎಸೆದಿದ್ದ. ಆ ರಾತ್ರಿ ಊಟಕ್ಕೆ ಮೇಜಿನ ಅರ್ಧ ಭಾಗ ತೆರವಾಯಿತು. ಅರ್ಧವೇ.

ಈಗ ಸಿಯಾಟಲ್ ಸೀಮೆಯ ಇಟ್ಟಿಗೆ ಮೇಳ ಬ್ರಿಕ್‌ಕಾನ್ ಹತ್ತಿರ ಬರುತ್ತಿದೆ. ಹಂದಿಯನ್ನು ಒಯ್ಯಬೇಕೆಂದು ಇವರ ಆಸೆ. ನಾಲ್ಕು ಚಕ್ರವೂ ಹೊರಳುತ್ತವೆ, ಮಾಸ್ಟರ್ ಚೀಫ್ ಹೇಗೋ ಕೂತಿದ್ದಾನೆ. ಮೂಗು ಗೆದ್ದಿದೆ. ಮುಂಭಾಗದ ಎರಡು ಕೋರೆಗಳ ನಡುವೆ ಮಾತ್ರ ಬೋಳು ಬೋಳು, ಏನೋ ಕಮ್ಮಿ ಎಂದು ಗೊಣಗುತ್ತ ಕೂತಿದ್ದರು. ಅತ್ತೆ ಕೊತ್ತಂಬರಿ ಸೋಸುತ್ತಿದ್ದವರು ತಲೆಯೆತ್ತದೆ ಹೇಳಿದರು: "ಹೊಸ ಗಾಡಿ. ನಾಲ್ಕು ಜನರ ಎದುರಿಗೆ ಹೋಗತ್ತೆ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಬೇಡ್ವೇನೋ?"

"ಅಮ್ಮಾ, ಗೇಮಲ್ಲಿ ಅದೆಲ್ಲ ಇಲ್ಲಮ್ಮ."

ಅತ್ತೆ ಬಂದ ಮೇಲೆ ಇವರು ಆಡುವುದನ್ನು ಒಂದೆರಡು ಸಂಜೆ ಪಕ್ಕದಲ್ಲಿ ಕೂತು ನೋಡಿದ್ದಾರೆ. ಸಣ್ಣ ದಿಬ್ಬ ಹತ್ತಿದರೂ ಆ ಹಂದಿ ಪಲ್ಟಿ ಹೊಡೆಯುತ್ತದೆ. ಸಿಪಾಯಿ ಇಳಿದು ಹೋಗಿ ಎತ್ತಿ ನಿಲ್ಲಿಸಬೇಕು, ಮತ್ತೆ ಹತ್ತಬೇಕು, ಮತ್ತೆ ಪಲ್ಟಿ. ಗ್ರೆನೇಡ್ ಸಿಡಿದರಂತೂ ಆಕಾಶಕ್ಕೆ. 2002ರಲ್ಲಿ ಒಬ್ಬಾತ ಈ ಗಾಡಿಗಳನ್ನು ಗ್ರೆನೇಡ್ ಇಟ್ಟು ಹಾರಿಸಿದ್ದನ್ನೇ ವಿಡಿಯೋ ಮಾಡಿ ಹೆಸರು ಗಳಿಸಿದ್ದಾನೆ.

"ಅದಕ್ಕೇ ಕಣೋ ಅಷ್ಟು ಸಲ ಉರುಳಿ ಬೀಳೋದು" ಎಂದರು ಅತ್ತೆ.

ಇವರು ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಹಳದಿ ಗುಂಡು ತುಣುಕು ಹುಡುಕತೊಡಗಿದರು. ನಿಂಬೆಹಣ್ಣು ಸುಲಭವಾಗಿ ಸಿಕ್ಕಿತು. ಮೆಣಸಿನಕಾಯಿ ಯಾವ ಹಸಿರು ಎಂಬುದರ ಮೇಲೆ ತಾಯಿ ಮಗನಿಗೆ ಇನ್ನೂ ಒಮ್ಮತ ಬಂದಿಲ್ಲ. ಅತ್ತೆ ಬ್ಯಾಡಗಿ ಕೆಂಪೇ ಆಗಲಿ ಎನ್ನುತ್ತಿದ್ದಾರೆ.